ಬಾವಲಿ ಉದುರಿಸಿದ ಹಿಪ್ಪೆಬೀಜ

ಇಂದು ಬೆಳಿಗ್ಗೆ ನಮ್ಮ ಹಳೆಯ ಊರಿನ ಕುಪ್ಪಮ್ಮ ಬಂದು ನಮ್ಮ ಜಗಲಿಯ ಮೇಲೆ ಒಂದು ಹಳೆಯ ಸೀಸೆಯನ್ನಿಟ್ಟು, ಕೂರು ಎಂದರೂ ಕೂರದೆ, ನನಗೊಂದು ಅಪ್ಪಣೆ ಕೊಟ್ಟು ಹೋದಳು.

"ಸಂತೆ ಮುಗಿಸ್ಕೊಂಡು ಸಂಜೆ ರೈಲಿಗೆ ಓಗೋವಾಗ ಇಂಗೇ ಬತ್ತೀನಿ ಸಾಮಿ. ಅಷ್ಟೊತ್ಗೆ ಒಸಿ ಬೆಚ್ಚಗೆ ಮಾಡಿ ಎದೆಗೆ ತಿಕ್ಕೊಂಡಿರ್ಬೇಕು. ನಾಳೆ ನಾಡಿದ್ದು ಅಂತ ಎತ್ತಿಟ್ಟೀರ, ಮತ್ತೆ!"

ಈ ವಯಸ್ಸಿನಲ್ಲಿ ನನಗೆ ಅಪ್ಪಣೆ ಕೊಡುವವರಿಗೇನೂ ಕೊರತೆಯಿಲ್ಲ. ಮೆಟ್ಟಿಲು ಹತ್ತಬೇಡಿ ಎಂದು ವೈದ್ಯರು ಹೇಳುತ್ತಾರೆ. ಮುಂಜಾನೆ ತಣ್ಣೀರು ಸುರಿದುಕೊಳ್ಳಬೇಡಿ ಎಂದು ಮಗಳು ಹೇಳುತ್ತಾಳೆ. ನನ್ನ ಎದೆಯೊಂದು ಮಾತ್ರ ಯಾರ ಅಪ್ಪಣೆಯನ್ನೂ ಕಾಯದೆ, ಸಂಧ್ಯಾವಂದನೆಗೆ ಕುಳಿತಾಗ ಪ್ರಾಣಾಯಾಮವನ್ನು ಅರ್ಧಕ್ಕೇ ನಿಲ್ಲಿಸಿ ಕೆಮ್ಮಿಗೆ ತೊಡಗುತ್ತದೆ. ಒಂದು ಕಾಲದಲ್ಲಿ ನಾನು ಮಂತ್ರ ಹೇಳಿದರೆ ಗುಡಿಯಿಂದ ಕೆರೆಯ ಕಟ್ಟೆಯವರೆಗೆ ಕೇಳಿಸುತ್ತಿತ್ತು ಎಂದು ಊರಿನವರು ಹೇಳುತ್ತಿದ್ದರು. ಈಗ ಬಂಗಾರಪೇಟೆಯ ಈ ಮನೆಯಲ್ಲಿ, ಅಡುಗೆಮನೆಯಲ್ಲಿರುವ ಮಗಳಿಗೆ ಒಂದು ಲೋಟ ನೀರು ಬೇಕೆಂದು ತಿಳಿಸಲೂ ನಾನು ಕೈಯಲ್ಲಿ ಬಾಗಿಲು ಬಡಿಯಬೇಕು.

ಸೀಸೆಯನ್ನು ಎತ್ತಿ ಬೆಳಕಿಗೆ ಹಿಡಿದೆ. ಮಾರ್ಗಶಿರದ ಚಳಿಗೆ ಒಳಗಿನ ಎಣ್ಣೆ ಬೆಣ್ಣೆಯಂತೆ ಹೆಪ್ಪುಗಟ್ಟಿ ಗಾಜಿಗೆ ಅಂಟಿಕೊಂಡಿತ್ತು. ಬಿರಡೆ ತೆಗೆದೆ. ಸ್ವಾಮಿ, ಹಿಪ್ಪೆ ಎಣ್ಣೆಯ ವಾಸನೆಯನ್ನು ನೀವು ಬಲ್ಲಿರೋ ಇಲ್ಲವೋ ಕಾಣೆ. ಅದನ್ನು ಸುವಾಸನೆ ಎಂದು ಕರೆಯುವ ಧೈರ್ಯ ನನಗಿಲ್ಲ. ಸ್ವಲ್ಪ ಕಹಿ, ಸ್ವಲ್ಪ ಕಮಟು, ಹೊಗೆಯ ಹಾಗೆ ಭಾರ. ಆದರೆ ಹುಟ್ಟಿದಾಗಿನಿಂದ ಅದನ್ನು ಗರ್ಭಗುಡಿಯಲ್ಲಿಯೇ ಮೂಸಿದವನಿಗೆ ಅದು ದೇವರ ಮೈಯ ವಾಸನೆ. ಅಂಗಡಿಯಲ್ಲಿ ಪೊಟ್ಟಣದಲ್ಲಿ ಸಿಗುವ ದೀಪದ ಎಣ್ಣೆಯಿಂದ ನನ್ನ ಕೋಣೆಯ ದೀಪ ಉರಿಯುತ್ತದೆ, ನಿಜ. ಆದರೆ ಅದು ಬರಿಯ ಬೆಳಕು. ಆದ್ದರಿಂದ ಮನಸ್ಸಿನಲ್ಲಿಯೇ ಒಂದು ಲೆಕ್ಕ ಹಾಕಿದೆ. ಎದೆಗೆ ತಿಕ್ಕಿಕೊಂಡು ಹಾಳುಮಾಡುವ ಬದಲು ಇದಿಷ್ಟೂ ದೀಪಕ್ಕಿರಲಿ. ಸಂಜೆ ಕುಪ್ಪಮ್ಮನಿಗೆ ಏನಾದರೊಂದು ಹೇಳಿದರಾಯಿತು. ಹಾಗೆಂದುಕೊಂಡು ಸೀಸೆಯನ್ನು ದೇವರ ಗೂಡಿನಲ್ಲಿಟ್ಟು ಗೋಡೆಗೊರಗಿ ಕುಳಿತೆ.

ಕುಳಿತರೆ ಆ ವಾಸನೆ ನನ್ನನ್ನು ಕುಳಿತಲ್ಲಿರಲು ಬಿಡಲಿಲ್ಲ.

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನ ದಾರಿಯ ಒಂದು ಪಕ್ಕಕ್ಕೆ ನಮ್ಮ ಊರು. ಊರಿನಿಂದ ಮೂಡಲಿಗೆ ನೋಡಿದರೆ ಚಿನ್ನದ ಗಣಿಯವರು ಅದಿರು ಅರೆದು ಸುರಿದ ಸೈನೈಡು ದಿಬ್ಬಗಳು ಬೂದುಬಣ್ಣದ ಆನೆಗಳು ಮಲಗಿದಂತೆ ಕಾಣುತ್ತವೆ. ಪಡುವಲಿಗೆ ನೋಡಿದರೆ ಕುರುಚಲು ಕಾಡಿನ ಗುಡ್ಡ. ಆ ಗುಡ್ಡದ ಬುಡದಲ್ಲಿ ಈಶ್ವರನ ಗುಡಿ, ಗುಡಿಯ ಬೆನ್ನಿಗೆ ಹಿಪ್ಪೆಯ ತೋಪು. ರಾಬರ್ಟ್‌ಸನ್‌ಪೇಟೆಯ ಶಾಲೆಯೊಂದರಲ್ಲಿ ನಾನು ಮಕ್ಕಳಿಗೆ ಸಂಸ್ಕೃತ ಹೇಳಿಕೊಡುತ್ತಿದ್ದುದು ಜೀವನಕ್ಕೆ. ಬೆಳಿಗ್ಗೆ ಸಂಜೆ ಈಶ್ವರನ ಪೂಜೆ ವಂಶದಿಂದ ಬಂದದ್ದು. ಪೂಜೆಯೊಂದಿಗೆ ತೋಪಿನ ಕಾವಲೂ ಬಂದಿತ್ತು. ಕಾವಲೆಂದರೆ ದೊಣ್ಣೆ ಹಿಡಿದು ತಿರುಗುವುದಲ್ಲ. ತೋಪಿನ ಕಟ್ಟಳೆ ಕೆಡದಂತೆ ನೋಡಿಕೊಳ್ಳುವುದು.

ಕಟ್ಟಳೆ ಸರಳವಾದದ್ದು. ತೋಪಿನ ಮರವನ್ನು ಯಾರೂ ಹತ್ತುವಂತಿಲ್ಲ, ಕೊಂಬೆ ಅಲುಗಿಸುವಂತಿಲ್ಲ, ಒಂದು ಕಾಯನ್ನೂ ಕೀಳುವಂತಿಲ್ಲ. ಬಿದ್ದದ್ದನ್ನು ಯಾರು ಬೇಕಾದರೂ ಆಯ್ದುಕೊಳ್ಳಬಹುದು. ತೋಪಿನ ಬಾಯಲ್ಲಿ ಒಂದು ಚಪ್ಪಡಿ ಕಲ್ಲಿದೆ. ಆಯ್ದವರು ಹೊರಗೆ ಹೋಗುವಾಗ ಅದರ ಮೇಲೆ ದೇವರ ಪಾಲೆಂದು ಒಂದು ಹಿಡಿ ಬೀಜ ಹಾಕಿ ದಾಟಬೇಕು. ಆ ಪಾಲಿನ ಬೀಜ ಗಾಣಕ್ಕೆ ಹೋಗಿ, ಎಣ್ಣೆಯಾಗಿ, ಕಾರ್ತಿಕದ ದೀಪಗಳಲ್ಲಿ ಉರಿಯುತ್ತಿತ್ತು. ಉಳಿದದ್ದು ಆಯ್ದವರದು. ಮತ್ತೊಂದು ಮಾತು: ತೋಪಿನೊಳಗೆ ಬಲೆ, ಉರುಳು, ಕೋವಿ ಯಾವುದೂ ಕೂಡದು.

ಮರದಿಂದ ಬೀಜವನ್ನು ಕೆಡವುವವರು ಯಾರು ಎಂದು ನೀವು ಕೇಳಬಹುದು. ಬಾವಲಿಗಳು. ಹಿಪ್ಪೆಯ ಹಣ್ಣು ಮಾಗಿತೆಂದರೆ ಮುಸ್ಸಂಜೆಗೆ ಬಾವಲಿಗಳ ಹಿಂಡು ಇಳಿಯುತ್ತದೆ. ಹಣ್ಣಿನ ಸಿಪ್ಪೆ ತಿರುಳನ್ನು ತಿಂದು, ಬೀಜವನ್ನು ತೊಳೆದಿಟ್ಟಂತೆ ಚೊಕ್ಕಟವಾಗಿ ಉದುರಿಸುತ್ತದೆ. ತಾನಾಗಿ ಬಿದ್ದ ಹಣ್ಣು ತಿರುಳಿನೊಂದಿಗೆ ಕೊಳೆತು ಬೀಜವನ್ನೂ ಕೆಡಿಸುತ್ತದೆ. ಬಾವಲಿ ತಿಂದು ಬಿಟ್ಟ ಬೀಜವೇ ಎಣ್ಣೆಗೆ ಉತ್ತಮ. ಅಂದರೆ ಮಡಿಯುಟ್ಟು ನಾನು ಈಶ್ವರನಿಗೆ ಬೆಳಗುತ್ತಿದ್ದುದು ಬಾವಲಿಯ ಎಂಜಲು! ಎಳೆಯ ಪ್ರಾಯದಲ್ಲಿ ಈ ವಿಷಯ ನನ್ನನ್ನು ಬಹಳ ಬಾಧಿಸಿತ್ತು. ತಂದೆಯವರನ್ನು ಕೇಳಿದಾಗ ಅವರು, "ಜೇನು ಯಾರ ಎಂಜಲು? ಕರುವಿಗೆ ಬಿಟ್ಟು ಕರೆದ ಹಾಲು ಯಾರ ಎಂಜಲು? ಹೋಗು, ಬತ್ತಿ ಹೊಸೆ" ಎಂದಿದ್ದರು. ನನ್ನ ಶಾಸ್ತ್ರಾಭ್ಯಾಸದಲ್ಲಿ ಎಷ್ಟೋ ಪ್ರಶ್ನೆಗಳು ಹೀಗೆಯೇ ಬತ್ತಿ ಹೊಸೆಯುತ್ತ ಪರಿಹಾರವಾದವು.

ಆ ಬಾವಲಿಗಳಿಗೂ ಗಣಿಗೂ ಒಂದು ನಂಟಿತ್ತು, ಅದನ್ನೂ ಹೇಳಿಬಿಡುತ್ತೇನೆ. ಗಣಿ ನಡೆಯುತ್ತಿದ್ದ ಕಾಲದಲ್ಲಿ ಸಂಜೆಯ ಪಾಳಿಯ ಸಂಗು, ಎಂದರೆ ಸೈರನ್ನು, ಕೂಗುವ ಹೊತ್ತಿಗೂ ಕೆರೆಯ ಕಟ್ಟೆಯ ಆಲದ ಮರದಿಂದ ಬಾವಲಿಗಳು ಏಳುವ ಹೊತ್ತಿಗೂ ಹೆಚ್ಚಿನ ಅಂತರವಿರಲಿಲ್ಲ. ಅತ್ತ ಮನುಷ್ಯರ ಒಂದು ಗುಂಪು ಭೂಮಿಯೊಳಕ್ಕೆ ಇಳಿಯುತ್ತಿತ್ತು, ಇತ್ತ ಇವು ಆಕಾಶಕ್ಕೆ ಏರುತ್ತಿದ್ದವು. ಗಣಿ ಮುಚ್ಚಿತು, ಸಂಗು ನಿಂತಿತು. ಎಷ್ಟೋ ಸಂಜೆ ಊರಿನ ಹೆಂಗಸರು ಬಾವಲಿ ಎದ್ದದ್ದನ್ನು ನೋಡಿ ಒಲೆ ಹಚ್ಚುತ್ತಿದ್ದರು.

ಗಣಿ ಮುಚ್ಚಿದ ಕೆಲವು ವರ್ಷಗಳ ಮೇಲೆ ಆ ಫಸಲು ಬಂತು. ಹಿಪ್ಪೆ ಪ್ರತಿವರ್ಷವೂ ಒಂದೇ ಸಮನಾಗಿ ಕೊಡುವ ಮರವಲ್ಲ. ಒಂದು ವರ್ಷ ಕೊಟ್ಟರೆ ಮುಂದಿನ ವರ್ಷ ಮುನಿಸಿಕೊಂಡು ನಿಲ್ಲುತ್ತದೆ. ಆದರೆ ಆ ವರ್ಷ ಅದು ಕೊಟ್ಟ ರೀತಿಯನ್ನು ನಾನು ಹಿಂದೆಂದೂ ಕಂಡಿರಲಿಲ್ಲ, ಮುಂದೆಯೂ ಕಾಣಲಿಲ್ಲ. ಫಾಲ್ಗುಣದಲ್ಲಿಯೇ ತೋಪಿನ ನೆಲ ಹೂವಿನಿಂದ ಬೆಳ್ಳಗಾಗಿ, ಗುಡಿಯ ಅಂಗಳದವರೆಗೂ ಜೇನಿನಂಥ ವಾಸನೆ ಹರಡಿತು. ಜ್ಯೇಷ್ಠದಲ್ಲಿ ಕೊಂಬೆಗಳು ಹಣ್ಣಿನ ಭಾರಕ್ಕೆ ಬಾಗಿ ನಿಂತವು. ಇಂಥ ಐಶ್ವರ್ಯವನ್ನು ಕಂಡು ಮನುಷ್ಯನಾದವನು ಹಿಗ್ಗಬೇಕು. ನಾನೂ ಮೊದಲು ಹಿಗ್ಗಿದೆ. ಆಮೇಲೆ ಅದರ ಉಪದ್ರವ ತಿಳಿಯಿತು.

ಮೊದಲನೆಯದಾಗಿ, ಕಾಡಿನ ಪ್ರಾಣಿಗಳ ನಡೆ ಬದಲಾಯಿತು. ಮಳೆ ಬಿದ್ದು ಕಡಲೆಕಾಯಿ ಬಿತ್ತಿದರೆ ಗುಡ್ಡದ ಕಾಡುಹಂದಿಗಳು ಇಳಿದು ಬಂದು ಸಾಲಿನುದ್ದಕ್ಕೂ ನೆಲವನ್ನುತ್ತು ಬೀಜ ತಿನ್ನುವುದು ವಾಡಿಕೆ. ಹೊಲದ ಬದುವಿನಲ್ಲಿ ಬಲೆ ಕಟ್ಟಿ ಕಾಯುವುದು ಊರಿನ ಕೆಲವರ ವಾಡಿಕೆ. ಅರಣ್ಯದವರ ಕಣ್ಣು ತಪ್ಪಿಸಿ ಮಾಡುವ ಕೆಲಸ ಅದು, ಆದರೂ ನಡೆಯುತ್ತಿತ್ತು. ಆ ವರ್ಷ ಒಂದು ಹಂದಿಯೂ ಹೊಲಕ್ಕೆ ಬರಲಿಲ್ಲ. ಕಾಲಿಟ್ಟಲ್ಲಿ ಹಣ್ಣು ಚೆಲ್ಲಿರುವ ತೋಪನ್ನು ಬಿಟ್ಟು ಬದುವಿನ ಅಪಾಯಕ್ಕೆ ಅವು ಏಕೆ ಹೋಗಬೇಕು? ಹಬ್ಬಕ್ಕೆ ಬಂದ ನೆಂಟರಂತೆ ತೋಪಿನ ಅಂಚಿನ ಪೊದೆಗಳಲ್ಲಿಯೇ ಬೀಡುಬಿಟ್ಟವು. ಬಾವಲಿಗಳೂ ಹಾಗೆಯೇ. ಮಾಮೂಲಿನ ವರ್ಷಗಳಲ್ಲಿ ಆಲದ ಮರದಿಂದೆದ್ದು, ಕೆರೆಯ ನೀರನ್ನು ಎದೆಯಿಂದ ಸವರಿಕೊಂಡು, ಮಾವಿನ ತೋಟಗಳನ್ನು ಅರಸಿ ಹರದಾರಿ ದೂರ ಹಾರುತ್ತಿದ್ದಂಥವು, ಆ ವರ್ಷ ಆಲವನ್ನೂ ತೊರೆದು, ಹಗಲೂ ಹಿಪ್ಪೆಯ ಕೊಂಬೆಗಳಲ್ಲಿಯೇ ಜೋತುಬಿದ್ದು ನಿದ್ದೆ ಮಾಡತೊಡಗಿದವು. ತಿನಿಸು ತಲೆಯ ಮೇಲಿರುವಾಗ ರೆಕ್ಕೆಗೆ ಏನು ಕೆಲಸ?

ಬೇಟೆಗಾರರ ಕೈ ಬರಿದಾಯಿತು. ಅಷ್ಟೊಂದು ಪ್ರಾಣಿಗಳು ಕಣ್ಣೆದುರಿಗೇ ಇದ್ದೂ ಒಂದೂ ಬಲೆಯ ದಾರಿಗೆ ಬರುವುದಿಲ್ಲ. ಇದ್ದವೆಲ್ಲ ಬಲೆ ಕೂಡದ ಆ ಒಂದು ಜಾಗದಲ್ಲಿ. ಹೀಗಾಗಿ ಎಲ್ಲರ ಕಣ್ಣೂ ತೋಪಿನ ಮೇಲೆ, ತೋಪಿನ ಕಣ್ಣು ನನ್ನ ಮೇಲೆ. ಶಾಲೆಯಿಂದ ಬಂದು, ಸಂಜೆಯ ಪೂಜೆ ಮುಗಿಸಿ, ಆ ಚಪ್ಪಡಿ ಕಲ್ಲಿನ ಬಳಿ ಕುಳಿತು ಬಂದವರಿಗೆಲ್ಲ "ಇಲ್ಲ", "ಕೂಡದು" ಎಂದು ಹೇಳುವುದೇ ನನ್ನ ಕಾಯಕವಾಯಿತು. "ಇಲ್ಲ" ಎನ್ನುವುದು ಎಷ್ಟು ದಣಿಸುವ ಮಾತು ಎಂಬುದು ಅದನ್ನು ದಿನವೂ ಹೇಳಿದವನಿಗೆ ಮಾತ್ರ ಗೊತ್ತು.

ಕೇಳಿದವರಲ್ಲಿ ಬಹಳ ಮಂದಿ ನಾಲಗೆಯ ರುಚಿಗೆ ಕೇಳಿದವರು. ಅವರಿಗೆ ಇಲ್ಲವೆನ್ನುವುದು ಕಷ್ಟವಾಗಲಿಲ್ಲ. ಒಬ್ಬಳು ಮಾತ್ರ ಒಂದು ಪ್ರಾಣಕ್ಕಾಗಿ ಕೇಳಿದಳು. ಅವಳೇ ಕುಪ್ಪಮ್ಮ.

ಕುಪ್ಪಮ್ಮ ನಮ್ಮ ಊರಿನ ಮಗಳು. ಗಣಿಯಲ್ಲಿ ಕೆಲಸಕ್ಕಿದ್ದ ಮುನಿಸ್ವಾಮಿಯನ್ನು ಮದುವೆಯಾಗಿ ಗಣಿಯ ಲೈನುಮನೆಗೆ ಹೋಗಿದ್ದವಳು, ಗಣಿ ಮುಚ್ಚಿದ ಮೇಲೆ ಗಂಡನನ್ನು ಕರೆದುಕೊಂಡು ತವರಿಗೇ ಬಂದು ನೆಲೆಸಿದ್ದಳು. ಮುನಿಸ್ವಾಮಿ ಎತ್ತರದ ಆಳು, ಮಾತಿನಲ್ಲಿ ಅರ್ಧ ತಮಿಳು, ಅರ್ಧ ಕನ್ನಡ, ಪೂರ್ತಿ ತಮಾಷೆ. ಆದರೆ ಅವನ ಎದೆಯೊಳಗೆ ಗಣಿಯ ಕಲ್ಲಿನ ದೂಳು ಕುಳಿತಿತ್ತು. ಬಾಗಿಲಿನಿಂದ ಬೀದಿಯ ನಲ್ಲಿಯವರೆಗೆ ನಡೆದರೆ ಕಂಬ ಹಿಡಿದು ನಿಲ್ಲಬೇಕು. ಮಾತಿನ ನಡುವೆ ಉಸಿರು ಸಿಳ್ಳೆ ಹಾಕುತ್ತಿತ್ತು. ಕೋಲಾರಕ್ಕೂ ಬೆಂಗಳೂರಿಗೂ ಹೋಗಿ ತೋರಿಸಿ ಬಂದಿದ್ದರು. ದೂಳು ಹೊರಗೆ ತೆಗೆಯುವ ಮದ್ದಿಲ್ಲವೆಂದು ಎರಡು ಕಡೆಯೂ ಹೇಳಿ ಕಳಿಸಿದ್ದರು.

ಮದ್ದಿಲ್ಲವೆಂಬ ಮಾತನ್ನು ಹೆಂಡತಿಯಾದವಳು ಒಪ್ಪುವುದುಂಟೆ? ಬಾವಲಿಯ ಮಾಂಸದ ಸಾರು ಕುಡಿದರೆ ಉಸಿರಿನ ಕಟ್ಟು ಬಿಡುತ್ತದೆಂಬ ನಂಬಿಕೆ ಗಣಿಯ ಲೈನುಗಳಲ್ಲಿ ಹಳೆಯದು. ಜ್ಯೇಷ್ಠದ ಒಂದು ಬೆಳಿಗ್ಗೆ ಕುಪ್ಪಮ್ಮ ಬೀಜದ ಬುಟ್ಟಿಯನ್ನು ಕಲ್ಲಿನ ಪಕ್ಕದಲ್ಲಿಳಿಸಿ ನನ್ನೆದುರು ನಿಂತಳು.

"ಸಾಮಿ, ಒಂದೇ ಒಂದು. ಒಂದು ಬಾವ್ಲಿ. ಅಷ್ಟು ಜೋತಾಡ್ತಾವೆ, ಒಂದು ಓದ್ರೆ ದೇವ್ರಿಗೇನು ಕಮ್ಮಿ ಆಗ್ತದೆ?"

"ತೋಪಿನೊಳಗೆ ಕೂಡದಮ್ಮ. ಹೊರಗೆ ಏನು ಮಾಡಿದರೂ ಅದು ನನ್ನ ಮಾತಿಗೆ ಸೇರಿದ್ದಲ್ಲ."

"ಒರಗೆ ಬಂದ್ರಲ್ವಾ ಸಾಮಿ ಇಡಿಯೋದು? ಒಟ್ಟೆ ತುಂಬಿರೋವು ಯಾಕೆ ಒರಗೆ ಬತ್ತಾವೆ? ನಮ್ಮಾಯಪ್ಪನ ಉಸಿರು ಕೇಳಿದ್ದೀರಲ್ಲ ನೀವು. ಗೋಡೆ ಆಚೆ ಮಲಗಿದ್ರೂ ಕೇಳಿಸ್ತದೆ. ನಿಂತೋದ್ರೆ ಅಂತ ನಾನು ಎದ್ದೆದ್ದು ನೋಡ್ತೀನಿ."

ನಾನು ಇಲ್ಲವೆಂದೆ. ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಒಂದು ಹಿಡಿ ಬೀಜವನ್ನು ಕಲ್ಲಿನ ಮೇಲೆ ಹಾಕಿ, ಬುಟ್ಟಿಯನ್ನೆತ್ತಿಕೊಂಡು ಹೋದಳು. ಆ ದಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಒಂದು ಶ್ಲೋಕದ ಅರ್ಧ ನನಗೆ ಮರೆತುಹೋಯಿತು.

ಕುಪ್ಪಮ್ಮನ ತಮ್ಮ ಗೋವಿಂದ ಬಲೆಯ ಕೆಲಸದಲ್ಲಿ ಕೈ ಪಳಗಿದವನು. ಅಕ್ಕನ ಮಾತಿಗೆ ಅವನು ಕೆರೆಯ ಕಟ್ಟೆಯ ಮೇಲೆ ಎರಡು ಗಳ ನೆಟ್ಟು, ಬಾವಲಿಗಳು ನೀರಿಗಿಳಿಯುವ ದಾರಿಗೆ ಅಡ್ಡಲಾಗಿ ಬಲೆ ಕಟ್ಟಿದ. ಹಿಂದಿನ ವರ್ಷಗಳಲ್ಲಾಗಿದ್ದರೆ ಮೊದಲ ಸಂಜೆಯೇ ಬೀಳುತ್ತಿತ್ತು. ಈ ವರ್ಷ ಸಂಜೆಯ ಮೇಲೆ ಸಂಜೆ ಕಾದ. ರಸ ತುಂಬಿದ ಹಣ್ಣು ತಿಂದವಕ್ಕೆ ನೀರಿನ ಬಾಯಾರಿಕೆಯೂ ಇರಲಿಲ್ಲವೋ ಏನೋ, ಒಂದೂ ಆ ಕಡೆ ಸುಳಿಯಲಿಲ್ಲ.

ಇತ್ತ ಮುನಿಸ್ವಾಮಿಗೆ ಮನೆಯೊಳಗೆ ಸೆಖೆ, ಬೀದಿಯಲ್ಲಿ ಸೈನೈಡು ದಿಬ್ಬದಿಂದ ಬೀಸುವ ಬಿಳಿಯ ದೂಳು. ತೋಪಿನ ತಂಪಿನಲ್ಲಿ ಉಸಿರಿಗೆ ಸ್ವಲ್ಪ ಹಾಯೆಂದು ಗೋವಿಂದನೇ ಅವನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಂದು ನನ್ನ ಪಕ್ಕದಲ್ಲಿ ಇಳಿಸಿ ಕೆರೆಗೆ ಹೋಗುತ್ತಿದ್ದ. ಹೀಗೆ ಆ ಆಷಾಢದ ಸಂಜೆಗಳಲ್ಲಿ, ಬಾವಲಿಯನ್ನು ಕೊಡಲಾರದ ನಾನೂ ಬಾವಲಿ ಬೇಕಾಗಿದ್ದ ಅವನೂ ಒಂದೇ ಕಲ್ಲಿನ ಎರಡು ತುದಿಗಳಲ್ಲಿ ಕುಳಿತು, ಅವುಗಳ ಗದ್ದಲವನ್ನು ಕೇಳುತ್ತಿದ್ದೆವು. ಕೊಂಬೆಯಿಂದ ಕೊಂಬೆಗೆ ಜಗಳ, ಕಿರುಚಾಟ, ರೆಕ್ಕೆಯ ಪಟಪಟ. ನಡುನಡುವೆ ಒಣ ಎಲೆಯ ಮೇಲೆ ಟಪ್ಪೆಂದು ಬೀಳುವ ಬೀಜ.

"ನಮ್ ಲೈನುಮನೆ ಮಾದರಿಯೇ ಇದು ಸಾಮಿ," ಎಂದ ಅವನು ಒಂದು ದಿನ, ತಲೆಯೆತ್ತಿ ನೋಡುತ್ತ. "ಒಂದೇ ಗೋಡೆಗೆ ಹತ್ತು ಸಂಸಾರ. ಯಾವನು ಕುಡಿದು ಬಂದ, ಯಾವಳು ಅತ್ತೆಗೆ ಬೈದಳು, ಎಲ್ಲಾ ಎಲ್ಲಾರಿಗೂ ಕೇಳಿಸ್ತದೆ." ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಲ್ಲುವವರೆಗೆ ನಾನು ಬೇರೆಡೆ ನೋಡುತ್ತಿದ್ದೆ.

"ನನ್ನ ಮೇಲೆ ಕೋಪವಿಲ್ಲವೆ, ಮುನಿಸ್ವಾಮಿ?" ಎಂದು ಕೇಳಿದೆ.

"ಕೋಪ ಮಾಡಾಕೂ ಉಸಿರು ಬೇಕಲ್ಲ ಸಾಮಿ," ಎಂದ. ಉಸಿರು ಸುಧಾರಿಸಿಕೊಂಡು, "ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ನಮ್ಮ ಲೈನಲ್ಲಿ ಸುಮಾರು ಜನ ವವ್ವಾಲ್ ಸಾರು ಕುಡಿದ್ರು. ಎಲ್ಲಾರೂ ಮೇಲೆ ಓದ್ರು. ಆದ್ರೆ ಅವಳ ಮುಂದೆ ಇದು ಏಳಾಕಾಗ್ತದಾ? ಅವಳಿಗೆ ಏನಾನಾ ಮಾಡ್ಬೇಕು ಸಾಮಿ. ಏನೂ ಮಾಡ್ದೆ ಸುಮ್ನೆ ಕೂತು ನೋಡಾಕೆ ಅವಳ ಕೈಲಿ ಆಗಲ್ಲ" ಎಂದ.

ಅಷ್ಟರಲ್ಲಿ ಗೋವಿಂದ ಮಡಿಸಿದ ಬಲೆಯನ್ನು ಹೆಗಲ ಮೇಲೆ ಹಾಕಿಕೊಂಡು ಸೈಕಲ್ಲು ತಳ್ಳುತ್ತ ಬಂದ.

"ಏನ್ ಮಚ್ಚಾನ್, ಇವತ್ತೂ ಬರೀ ಸೊಳ್ಳೆ ಇಡಕೊಂಡು ಬಂದ್ಯಾ?" ಎಂದು ಮುನಿಸ್ವಾಮಿ ಮೈದುನನನ್ನು ಕೆಣಕಿದ.

"ನಗು ಬಾವ, ನಗು. ನಿನ್ನ ನಗುಗೇ ಅವು ಬರ್ದೇ ಓಗ್ತಾವೆ," ಎಂದ ಗೋವಿಂದ. ಆಮೇಲೆ ನನ್ನತ್ತ ತಿರುಗಿ, "ನಮ್ಮಪ್ಪನ ಕಾಲ್ದಾಗಿಂದ ಬಲೆ ಕಟ್ತಾ ಇದೀವಿ ಸಾಮಿ. ಬರಗಾಲ್ದಾಗೂ ಬರೀ ಕೈಲಿ ಬಂದವ್ರಲ್ಲ. ಈ ಸುಗ್ಗಿ ನಮ್ ಮಾನ ಕಳೀತು" ಎಂದು ತೋಪಿನ ಕಡೆ ಕೈಮುಗಿದ. ಅದು ಭಕ್ತಿಯೋ ಬೈಗುಳೋ ನನಗೆ ತಿಳಿಯಲಿಲ್ಲ. ಎರಡೂ ಇರಬಹುದು.

ಅವನು ಮನಸ್ಸು ಮಾಡಿದ್ದರೆ ನಾನಿಲ್ಲದ ಹೊತ್ತಿನಲ್ಲಿ ತೋಪಿಗೆ ಹೊಕ್ಕು ಒಂದನ್ನು ಹಿಡಿಯುವುದು ಕಷ್ಟವಿರಲಿಲ್ಲ. ಹಾಗೆ ಮಾಡಿ ತಂದರೆ ಅಕ್ಕ ಅದನ್ನು ಒಲೆಯ ಮೇಲೆ ಇಡುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಕುಪ್ಪಮ್ಮ ನನ್ನನ್ನು ಬೇಡುತ್ತಿದ್ದಳೇ ಹೊರತು ಕಲ್ಲನ್ನು ವಂಚಿಸುವವಳಲ್ಲ. ನನ್ನ ಕಾವಲೆಂಬುದೆಲ್ಲ ಅಂಥವರ ಮನಸ್ಸಿನಲ್ಲಿತ್ತು. ಇದನ್ನು ನೆನೆದಾಗಲೆಲ್ಲ ನನ್ನ ಆಯಾಸ ಇನ್ನೂ ಹೆಚ್ಚಾಗುತ್ತಿತ್ತು. ಕದಿಯುವವರನ್ನು ತಡೆಯಬಹುದು, ನಿಮ್ಮ ಮಾತಿಗೆ ಕಟ್ಟುಬಿದ್ದು ನಿಂತವರ ಎದುರು ಕುಳಿತಿರುವುದು ಹೇಗೆ?

ಆಷಾಢದ ಕೊನೆಯಲ್ಲಿ ಒಂದು ಬೆಳಿಗ್ಗೆ ಪೂಜೆ ಮುಗಿಸಿ ದೇವರ ಪಾಲನ್ನು ತರಲು ತೋಪಿನ ಬಾಯಿಗೆ ಹೋದೆ. ಕುಪ್ಪಮ್ಮ ಕಲ್ಲಿನ ಒಳಬದಿಯಲ್ಲಿ ಬುಟ್ಟಿ ಹಿಡಿದು ನಿಂತಿದ್ದಳು. ಹೊರಬದಿಯಲ್ಲಿ ಗೋವಿಂದ ಸೈಕಲ್ಲು ಹಿಡಿದು ಚಡಪಡಿಸುತ್ತಿದ್ದ.

"ನೀವೇ ಏಳಿ ಸಾಮಿ ಈಯಮ್ಮನ್ಗೆ! ಆಗ್ಲಿಂದ ಇಂಗೇ ನಿಂತವ್ಳೆ. ಬಾವನ್ಗೆ ಉಸಿರು ಕಟ್ತಾ ಐತೆ, ಇವ್ಳು ಇಲ್ಲಿ ನ್ಯಾಯ ಕೇಳ್ತಾವ್ಳೆ!"

ಬುಟ್ಟಿಯಲ್ಲಿ ಬೀಜದ ಮೇಲೆ ಒಂದು ಬಾವಲಿ ರೆಕ್ಕೆ ಮಡಿಸಿಕೊಂಡು ಮಲಗಿತ್ತು. ತೋಪಿನ ಅಂಚಿನಲ್ಲಿ ಹಾದುಹೋಗುವ ಕರೆಂಟು ತಂತಿಗೆ ತಗುಲಿ ಸತ್ತು ಒಳಗೆ ಬಿದ್ದಿತ್ತು. ಒಂದು ರೆಕ್ಕೆಯ ಅಂಚು ಸುಟ್ಟು ಕಪ್ಪಾಗಿತ್ತು. ನರಿಯ ಮುಖದಂಥ ಪುಟ್ಟ ಮುಖ, ಅರೆತೆರೆದ ಕಣ್ಣು. ಬಾಯಿಯ ಅಂಚಿನಲ್ಲಿ ಹಿಪ್ಪೆಯ ಹಣ್ಣಿನ ತಿರುಳು ಇನ್ನೂ ಹಸಿಯಾಗಿತ್ತು.

"ಬಿದ್ದದ್ದು ಸಾಮಿ, ನಾನು ಕಿತ್ತದ್ದಲ್ಲ," ಎಂದಳು ಕುಪ್ಪಮ್ಮ.

"ಕಾಣುತ್ತಿದೆಯಮ್ಮ. ಬಿದ್ದದ್ದು ಆಯ್ದವರದು. ತೆಗೆದುಕೊಂಡು ಹೋಗು."

ಅವಳು ಕದಲಲಿಲ್ಲ. "ಅದ್ಯಂಗಾಗ್ತದೆ? ಪಾಲು ಕೊಡ್ದೆ ನಾನು ಕಲ್ಲು ದಾಟಾಕಿಲ್ಲ. ಪಾಲು ಕೊಡ್ದೆ ಓಗಿ, ಮದ್ದು ಅತ್ತದೇ ಓದ್ರೆ? ಬೀಜ ಆದ್ರೆ ಒಂದು ಇಡಿ ಆಕ್ತೀನಿ. ಇದ್ರಾಗೆ ದೇವ್ರ ಪಾಲು ಯಾವ್ದು ಏಳಿ. ರೆಕ್ಕೆ ಕೊಡ್ಲಾ? ತಲೆ ಕೊಡ್ಲಾ? ನೀವು ಅದನ್ನ ಗುಡಿ ಒಳಗೆ ತಗೊಂಡೋಗಾಕೆ ಆಗ್ತದಾ?"

ನೋಡಿ, ಗುರುಮುಖದಿಂದ ಕಲಿತದ್ದು ನನ್ನ ತಲೆಯಲ್ಲಿ ಆ ಕಾಲಕ್ಕೆ ಇನ್ನೂ ಮಾಸದೆ ಇತ್ತು. ಯಾವ ದ್ರವ್ಯ ಶುದ್ಧ, ಯಾವುದು ನಿಷಿದ್ಧ, ಯಾವುದಕ್ಕೆ ಯಾವ ಪ್ರಾಯಶ್ಚಿತ್ತ, ಎಲ್ಲವನ್ನೂ ನಿಂತಲ್ಲಿಯೇ ಮಗುಚಿ ನೋಡಿದೆ. ಬಾವಲಿಯನ್ನು ಬುಟ್ಟಿಯಲ್ಲಿಟ್ಟುಕೊಂಡು, ಗಂಡನ ಉಸಿರು ನಿಲ್ಲುವ ಮೊದಲು ದೇವರ ಋಣ ತೀರಿಸಬೇಕೆನ್ನುವ ಹೆಂಗಸಿಗೆ ಹೇಳುವ ಉತ್ತರ ಅಲ್ಲೆಲ್ಲೂ ಇರಲಿಲ್ಲ. ಗೋವಿಂದ ಸೈಕಲ್ಲಿನ ಗಂಟೆಯನ್ನು ಸುಮ್ಮನೆ ಒಮ್ಮೆ ಬಾರಿಸಿದ.

"ಕುಪ್ಪಮ್ಮ," ಎಂದೆ, "ಇದರಲ್ಲಿ ದೇವರ ಪಾಲು ಪ್ರಾಣ. ಅದನ್ನು ಅವನು ನೀನು ಬರುವ ಮೊದಲೇ ತೆಗೆದುಕೊಂಡಿದ್ದಾನೆ. ಉಳಿದದ್ದೆಲ್ಲ ನಿನ್ನದು."

ಈ ಮಾತು ಯಾವ ಗ್ರಂಥದಲ್ಲಿದೆ ಎಂದು ಆಗ ಯಾರಾದರೂ ಕೇಳಿದ್ದರೆ ನಾನು ತಡವರಿಸುತ್ತಿದ್ದೆ. ಅವಳು ಕೇಳಲಿಲ್ಲ. ಆದರೂ ಇರಲಿ ಎಂಬಂತೆ ಬಾವಲಿಯ ಕೆಳಗಿನಿಂದ ಒಂದು ಹಿಡಿ ಬೀಜ ತೆಗೆದು ಕಲ್ಲಿನ ಮೇಲೆ ಹಾಕಿ, ಸೆರಗಿನಿಂದ ಬುಟ್ಟಿ ಮುಚ್ಚಿಕೊಂಡು ಕಲ್ಲು ದಾಟಿದಳು. ನಾನು ಹೋಗಿ ಇನ್ನೊಮ್ಮೆ ಸ್ನಾನ ಮಾಡಿದೆ. ಆ ಹಿಡಿ ಬೀಜವನ್ನು ಬೇರೆಯಾಗಿ ಇಡಬೇಕೋ, ಉಳಿದ ಬೀಜಗಳ ಜೊತೆಗೆ ಸೇರಿಸಬಹುದೋ ಎಂದು ಯೋಚಿಸುತ್ತ ಬಹಳ ಹೊತ್ತು ಅಂಗಳದಲ್ಲಿ ನಿಂತಿದ್ದು, ಕೊನೆಗೆ ಸೇರಿಸಿಬಿಟ್ಟೆ.

ಮರುದಿನ ಸಂಜೆ ಮುನಿಸ್ವಾಮಿ ಬಂದ. ಕಲ್ಲಿನ ಮೇಲೆ ಕುಳಿತು ಉಸಿರು ಹಿಡಿತಕ್ಕೆ ಬರುವವರೆಗೆ ಕಾದ. ನಾನಾಗಿ ಕೇಳುವ ಧೈರ್ಯ ಮಾಡಲಿಲ್ಲ.

"ಕುಡಿದೆ ಸಾಮಿ," ಎಂದ ಅವನೇ. "ಮೆಣಸು ಬೆಳ್ಳುಳ್ಳಿ ಆಕಿ ಚೆನ್ನಾಗೇ ಮಾಡಿದ್ಲು. ಆದ್ರೆ ಬಾಯಿಗಿಟ್ರೆ ಇಪ್ಪೆ ವಾಸನೆ. ಗರ್ಭಗುಡಿ ಒಳಗೆ ಎಲೆ ಆಕ್ಕೊಂಡು ಊಟಕ್ಕೆ ಕೂತಂಗಾಯ್ತು. ಬೇಡ ಅನ್ನೋಣ ಅಂದ್ರೆ ಎದುರಿಗೇ ಕೂತವ್ಳೆ, ನನ್ನ ಗಂಟಲನ್ನೇ ನೋಡ್ಕೊಂಡು. ಕುಡೀದೆ ಏನ್ ಮಾಡ್ಲಿ?"

"ಉಸಿರು?"

"ನನ್ನ ಉಸಿರು ಇದ್ದಂಗೇ ಐತೆ." ಅವನು ತೋಪಿನ ಕಡೆ ನೋಡುತ್ತಿದ್ದ. "ಅವಳದು ಸರಿಹೋಯ್ತು ಸಾಮಿ. ಎಂಗೈತೆ ಅಂದ್ಲು. ಅಗುರಾಗೈತೆ ಅಂದೆ. ಅಷ್ಟಕ್ಕೇ ದೊಡ್ಡದಾಗಿ ಒಂದು ಉಸಿರು ಬಿಟ್ಲು ನೋಡಿ, ಎಷ್ಟು ಕಾಲದಿಂದ ಇಡ್ಕೊಂಡಿದ್ಲೋ. ನಿನ್ನೆ ಮಲಗಿದವಳು ಬೆಳಗಾದ್ಮೇಲೇ ಎದ್ದಿದ್ದು. ಅವಳು ಅಂಗೆ ನಿದ್ದೆ ಮಾಡಿದ್ದು ನಾನು ನೋಡೇ ಇರ್ಲಿಲ್ಲ."

ಮೇಲೆ ಬಾವಲಿಗಳು ಜಗಳವಾಡುತ್ತಿದ್ದವು. ಕತ್ತಲು ಕವಿಯುವ ಮೊದಲು ಗೋವಿಂದ ಬಂದು ಅವನನ್ನು ಕರೆದುಕೊಂಡು ಹೋದ. ಅಂದಿನಿಂದ ಗೋವಿಂದ ಕೆರೆಯ ಕಟ್ಟೆಯಲ್ಲಿ ಬಲೆ ಕಟ್ಟಲಿಲ್ಲ.

ಕಾರ್ತಿಕ ಬರುವ ಮೊದಲೇ ಮುನಿಸ್ವಾಮಿ ತೀರಿಕೊಂಡ. ಆ ವರ್ಷ ದೇವರ ಪಾಲಿನ ಬೀಜ ಎಷ್ಟಿತ್ತೆಂದರೆ, ಗಾಣದಿಂದ ಬಂದ ಎಣ್ಣೆಗೆ ಗುಡಿಯ ಪಾತ್ರೆಗಳು ಸಾಲದೆ ನಮ್ಮ ಮನೆಯ ಕೊಡಗಳನ್ನೂ ತಂದಿಟ್ಟೆವು. ಕುಪ್ಪಮ್ಮ ಬಂದು ದೀಪಗಳಿಗೆ ಎಣ್ಣೆ ಹೊಯ್ದು ಹೋಗುತ್ತಿದ್ದಳು. ಮರುವರ್ಷ ಹಿಪ್ಪೆ ಒಂದು ಹಣ್ಣನ್ನೂ ಕೊಡಲಿಲ್ಲ. ಬಾವಲಿಗಳು ಆಲಕ್ಕೆ ಮರಳಿ ಮೊದಲಿನಂತೆ ಕೆರೆಯನ್ನು ಸವರಿಕೊಂಡು ದೂರದ ತೋಟಗಳಿಗೆ ಹಾರಿದವು. ಹಂದಿಗಳು ಕಡಲೆಕಾಯಿಯ ಹೊಲಕ್ಕೆ ಇಳಿದವು. ಬದುವಿನ ಬಲೆಗಳು ಮತ್ತೆ ತುಂಬಿದವು. ಆ ಸಂಜೆಗಳಲ್ಲಿ ಕಲ್ಲಿನ ಬಳಿ ನನ್ನನ್ನು ಏನನ್ನಾದರೂ ಕೇಳುವವರೇ ಇರಲಿಲ್ಲ. ದಣಿವು ಕಳೆಯಬೇಕಾಗಿತ್ತು, ಕಳೆಯಲಿಲ್ಲ. ಅದರ ಒಂದಂಶ ಇಂದಿಗೂ ನನ್ನ ಮೊಣಕಾಲುಗಳಲ್ಲಿದೆ ಎಂದು ನನ್ನ ನಂಬಿಕೆ. ವೈದ್ಯರು ಅದಕ್ಕೆ ಬೇರೆ ಹೆಸರಿಟ್ಟಿದ್ದಾರೆ.

ಈಗ ಗುಡಿಯ ಪೂಜೆಯನ್ನು ನನ್ನ ತಮ್ಮನ ಮಗ ನೋಡಿಕೊಳ್ಳುತ್ತಾನೆ. ತೋಪಿನಲ್ಲಿ ಮರಗಳು ವಿರಳವಾಗಿವೆಯಂತೆ. ಆದರೂ ಕುಪ್ಪಮ್ಮ ಬೀಜ ಆಯುವುದನ್ನು ಬಿಟ್ಟಿಲ್ಲ. ಈ ಬೆಳಿಗ್ಗೆ ಸೀಸೆ ಇಡುವಾಗಲೂ, "ಪಾಲು ಆಕೇ ತಂದೀನಿ ಸಾಮಿ, ಭಯ ಇಲ್ದೆ ಅಚ್ಕೊಳ್ಳಿ" ಎಂದಿದ್ದಳು. ಆಗ ನಾನು ಆ ಮಾತಿಗೆ ಕಿವಿಗೊಟ್ಟಿರಲಿಲ್ಲ.

ದೇವರ ಗೂಡಿನತ್ತ ನೋಡಿದೆ. ಬಿಸಿಲಿಗೆ ಎಣ್ಣೆ ಅಂಚಿನಲ್ಲಿ ಕರಗತೊಡಗಿತ್ತು. ದೇವರು ತನ್ನ ಪಾಲನ್ನು ಆ ಕಲ್ಲಿನ ಮೇಲೆಯೇ ಪಡೆದುಕೊಂಡಿದ್ದಾನೆ. ಇಲ್ಲಿಗೆ ಬಂದದ್ದು ನನ್ನ ಪಾಲು. ಅದನ್ನೂ ಅವನ ಹೆಸರಿನಲ್ಲಿ ಎತ್ತಿಟ್ಟುಕೊಂಡು ಸಂಜೆ ಕುಪ್ಪಮ್ಮನಿಗೆ ಒಂದು ನೆಪ ಹೇಳಲು ಹೊರಟಿದ್ದೆನಲ್ಲ! ಬಾಗಿಲು ಬಡಿದು ಮಗಳನ್ನು ಕರೆದೆ. ಅವಳು ಎಣ್ಣೆಯನ್ನು ಬೆಚ್ಚಗೆ ಮಾಡಿ ತಂದು, ಮೂಗು ಮುಚ್ಚಿಕೊಂಡು ನನ್ನ ಎದೆಗೂ ಬೆನ್ನಿಗೂ ತಿಕ್ಕಿದಳು. ಕೆಮ್ಮು ಎಂದಿನಂತೆಯೇ ಬಂತು, ಎಂದಿನಂತೆಯೇ ಹೋಯಿತು.

ಸಂಜೆ ಕುಪ್ಪಮ್ಮ ಸಂತೆಯ ಚೀಲ ಹೊತ್ತು ಬಂದಳು. ಅವಳಿಗೂ ವಯಸ್ಸಾಗಿದೆ, ಜಗಲಿಯ ಮೆಟ್ಟಿಲನ್ನು ಗೋಡೆ ಹಿಡಿದು ಹತ್ತಿದಳು. ಹತ್ತುವ ಮೊದಲೇ ಪ್ರಶ್ನೆ ಬಂತು.

"ಅಚ್ಕೊಂಡ್ರಾ?"

"ಹಚ್ಚಿಕೊಂಡೆನಮ್ಮ."

"ಸುಳ್ಳಲ್ಲ ತಾನೆ?" ಬಾಗಿ ಮೂಸಿ ನೋಡಿದಳು. ಮುಖ ಸಡಿಲವಾಯಿತು. "ಎಂಗೈತೆ ಈಗ?"

"ಹಗುರಾಗಿದೆ," ಎಂದೆ.

ಕುಪ್ಪಮ್ಮ ಚೀಲವನ್ನು ಇಳಿಸಿ ಕಂಬಕ್ಕೊರಗಿ ಕುಳಿತಳು. ನಾನು ಅವಳನ್ನೇ ನೋಡುತ್ತ ಕಾದೆ. ಅವಳು ಸೆರಗಿನಿಂದ ಕತ್ತು ಒರೆಸಿಕೊಂಡು, ನೀಳವಾಗಿ, ಪೂರ್ತಿಯಾಗಿ ಒಂದು ಉಸಿರು ಬಿಟ್ಟಳು.

"ಮಲಗೋವಾಗ ಇನ್ನೊಂದ್ಸಾರಿ ಅಚ್ಕೊಬೇಕು," ಎಂದಳು.

"ಹಚ್ಚಿಕೊಳ್ಳುತ್ತೇನೆ," ಎಂದೆ.